ಹನ್ನೊಂದು ಕಥೆಗಳು ಮನೆಯಲ್ಲೇ ಉಳಿದಿವೆ: ಏನು ಮಾಡಬೇಕು?

ಪ್ರಶ್ನೆ: ಪೂರ್ಣಾವಧಿ ನೌಕರಿಯಲ್ಲಿದ್ದೇನೆ. ನಾಲ್ಕು ವರ್ಷಗಳಿಂದ ಸಣ್ಣಕಥೆ ಬರೆಯುತ್ತಿದ್ದೇನೆ. ಹದಿನಾಲ್ಕು ಕಥೆಗಳಾಗಿವೆ, ಮೂರು ಪ್ರಕಟವಾಗಿವೆ. ಉಳಿದ ಹನ್ನೊಂದನ್ನು ಎಲ್ಲಿಗೆ, ಹೇಗೆ ಕಳಿಸಬೇಕೆಂದು ತಿಳಿಯುತ್ತಿಲ್ಲ. ಕೆಲವನ್ನು ಕಳಿಸಿ, ಉತ್ತರವೇ ಬಾರದೆ ಸುಮ್ಮನಾದೆ. ಈಗ ಒಬ್ಬ ಪ್ರಕಾಶಕರು ಸಂಕಲನ ತರಲು ಮುಂದೆ ಬಂದಿದ್ದಾರೆ, ಆದರೆ ಮುದ್ರಣದ ಅರ್ಧ ಖರ್ಚು ನಾನು ಕೊಡಬೇಕಂತೆ. ಒಪ್ಪಬಹುದೇ? ದಿನಕ್ಕೆ ಎಷ್ಟು ಹೊತ್ತು ಬರೆಯಬೇಕು? ನೌಕರಿ ಬಿಟ್ಟು ಬರವಣಿಗೆಯನ್ನೇ ನೆಚ್ಚಿ ಬದುಕಲು ಸಾಧ್ಯವೇ?

ಉತ್ತರ: ಪ್ರಕಾಶಕರ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಉಳಿದದ್ದೆಲ್ಲ ಮುಂದಿನ ವಾರವೂ ಸರಿಮಾಡಿಕೊಳ್ಳಬಹುದಾದದ್ದು. ಸಹಿ ಹಾಕಿದ ಒಪ್ಪಂದ ಹಾಗಲ್ಲ.

ಒಪ್ಪಬೇಡಿ. ಲೇಖಕರಿಂದ ದುಡ್ಡು ಪಡೆದು ಪುಸ್ತಕ ತರುವವರಿಗೆ ಲಾಭ ಅಚ್ಚಿನ ದಿನವೇ ಬಂದಿರುತ್ತದೆ. ಆಮೇಲೆ ಪ್ರತಿಗಳು ಮಾರಾಟವಾದರೂ ಆಗದಿದ್ದರೂ ಅವರಿಗೆ ನಷ್ಟವಿಲ್ಲ, ಹಾಗಾಗಿ ಮಾರಲು ಓಡಾಡುವ ತುರ್ತೂ ಇಲ್ಲ. ಪ್ರಕಾಶಕರು ಲೇಖಕರಿಗೆ ಮಾಡಿಕೊಡುವ ಉಪಕಾರ ಏನೆಂದರೆ, ತಮ್ಮ ಬಂಡವಾಳ ಹಾಕಿ ಆ ಪುಸ್ತಕದ ಮೇಲೆ ನಂಬಿಕೆ ಇಟ್ಟಿದ್ದೇವೆಂದು ತೋರಿಸುವುದು. ಅರ್ಧ ಖರ್ಚು ನಿಮ್ಮದಾದಾಗ ಆ ನಂಬಿಕೆಯೂ ಅರ್ಧ, ಆದರೆ ಹಕ್ಕು ಮಾತ್ರ ಪೂರ್ತಿ ಅವರ ಕೈಗೆ ಹೋಗುತ್ತದೆ. ಖರ್ಚು ಮಾಡಲು ನಿಮ್ಮಲ್ಲಿ ಹಣವೂ ಮನಸ್ಸೂ ಇದ್ದರೆ, ಪೂರ್ತಿ ಸ್ವಂತ ಪ್ರಕಟಣೆಯೇ ವಾಸಿ: ಸಂಪಾದನೆಗೆ ಒಬ್ಬರು, ಕರಡು ತಿದ್ದಲು ಇನ್ನೊಬ್ಬರು, ಪುಟವಿನ್ಯಾಸಕ್ಕೆ, ಮುಖಪುಟಕ್ಕೆ, ಮುದ್ರಣಕ್ಕೆ ಬೇರೆ ಬೇರೆ ದರ ಕೇಳಿ, ಬಿಲ್ಲು ನಿಮ್ಮ ಹೆಸರಿಗೇ ಬರಲಿ. ಆಗ ದಾಸ್ತಾನೂ ನಿಮ್ಮದು, ಹಕ್ಕೂ ನಿಮ್ಮದು. ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಕೂಡ ನಿಮ್ಮ ಹೆಸರಿನಲ್ಲೇ ಪಡೆಯಿರಿ. 2007ರಿಂದ ಇದು 13 ಅಂಕಿಯದು. ಮುದ್ರಿತ ಪುಸ್ತಕಕ್ಕೆ ಒಂದು, ಇ-ಪುಸ್ತಕಕ್ಕೆ ಇನ್ನೊಂದು, ಹೀಗೆ ರೂಪ ಬದಲಾದಂತೆ ಸಂಖ್ಯೆಯೂ ಬೇರೆ. ಬೇರೆಯವರ ಸಂಖ್ಯೆ ಬಳಸಿದರೆ ದಾಖಲೆಗಳಲ್ಲಿ ಪ್ರಕಾಶಕರೆಂದು ಅವರ ಹೆಸರೇ ನಿಲ್ಲುತ್ತದೆ.

ಅವರಿಗೆ ಬರೆಯಬೇಕಾದ ಉತ್ತರ ಎರಡೇ ಸಾಲು: ವೆಚ್ಚದ ಪಾಲು ಕೊಡಲಾಗುವುದಿಲ್ಲ, ನಿಮ್ಮ ಖರ್ಚಿನಲ್ಲೇ ತರುವುದಾದರೆ ಒಪ್ಪಂದದ ಕರಡು ಕಳಿಸಿ, ಓದಿ ತಿಳಿಸುತ್ತೇನೆ. ಜಗಳವೂ ಬೇಡ, ವಿವರಣೆಯೂ ಬೇಡ.

ಒಂದುವೇಳೆ ಅವರು ಒಪ್ಪಿ ಕರಡು ಕಳಿಸಿದರೆ ಏನನ್ನು ನೋಡಬೇಕು? ಕಥೆ ಬರೆದ ಕ್ಷಣದಿಂದಲೇ ಅದರ ಹಕ್ಕುಸ್ವಾಮ್ಯ ನಿಮ್ಮದು. ಹಕ್ಕುಸ್ವಾಮ್ಯ ಕುರಿತ 1886ರ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದಲ್ಲಿ ಇಂದು 180ಕ್ಕೂ ಹೆಚ್ಚು ದೇಶಗಳಿವೆ. ಅದರ ಪ್ರಕಾರ ಈ ಹಕ್ಕಿಗೆ ನೋಂದಣಿಯ ಅಗತ್ಯವಿಲ್ಲ. ಲೇಖಕರ ಜೀವಿತಾವಧಿ ಮತ್ತು ಆನಂತರದ ಕನಿಷ್ಠ 50 ವರ್ಷ ಅದು ಉಳಿಯುತ್ತದೆ. ಹಲವು ದೇಶಗಳ ಕಾನೂನು ಇದಕ್ಕಿಂತ ಹೆಚ್ಚು ಕಾಲ ಕೊಡುತ್ತದೆ. ನೋಂದಣಿ ಇದ್ದರೆ ವ್ಯಾಜ್ಯ ಬಂದಾಗ ಸಾಕ್ಷ್ಯವಾಗಿ ಉಪಯೋಗಕ್ಕೆ ಬರುತ್ತದೆ, ಅಷ್ಟೇ.

ಹಕ್ಕು ಎನ್ನುವುದು ಒಂದೇ ಇಡಿಗಂಟಲ್ಲ ಎಂಬುದನ್ನು ಹೊಸ ಲೇಖಕರು ಮರೆಯುತ್ತಾರೆ. ಪತ್ರಿಕೆಯಲ್ಲಿ ಮೊದಲ ಬಾರಿ ಪ್ರಕಟಿಸುವ ಹಕ್ಕು, ಮರುಪ್ರಕಟಣೆ, ಪುಸ್ತಕ, ಇ-ಪುಸ್ತಕ, ಆಡಿಯೊ, ಅನುವಾದ, ನಾಟಕ ಮತ್ತು ಚಲನಚಿತ್ರ ರೂಪಾಂತರ, ಇವೆಲ್ಲ ಬೇರೆ ಬೇರೆ. ಕೇಳಿದ್ದನ್ನಷ್ಟೇ ಕೊಡಿ. ಕನ್ನಡದಲ್ಲಿ ಮುದ್ರಿತ ಪುಸ್ತಕ ಮಾತ್ರ ತರುವ ಪ್ರಕಾಶಕರಿಗೆ ಚಲನಚಿತ್ರದ ಹಕ್ಕು ಬೇಕಾಗಿಲ್ಲ. 'ಎಲ್ಲ ಹಕ್ಕುಗಳು, ಎಲ್ಲ ಮಾಧ್ಯಮ, ಎಂದೆಂದಿಗೂ' ಎಂಬ ಧಾಟಿಯ ಸಾಲು ಕಂಡರೆ ಅದನ್ನು ಹೊಡೆದುಹಾಕಿ, ಮಾಧ್ಯಮ, ಭಾಷೆ, ಅವಧಿ ಮೂರನ್ನೂ ಹೆಸರಿಸಿ ಬರೆಯಿಸಿ. ಮೂರರಿಂದ ಐದು ವರ್ಷದ ಅವಧಿ ಕೇಳುವುದರಲ್ಲಿ ತಪ್ಪಿಲ್ಲ.

ರಾಯಧನದ (ರಾಯಲ್ಟಿ) ಷರತ್ತಿನಲ್ಲಿ ಶೇಕಡಾವಾರು ಎಷ್ಟು ಎಂದು ನೋಡುವ ಮೊದಲು, ಯಾವುದರ ಮೇಲೆ ಎಂದು ನೋಡಿ. ಮುಖಬೆಲೆ 100 ಎಂದುಕೊಳ್ಳಿ. ಮುಖಬೆಲೆಯ ಮೇಲೆ ಶೇ 10 ಎಂದರೆ ಪ್ರತಿಗೆ 10. 'ನಿವ್ವಳ ಆದಾಯದ ಮೇಲೆ ಶೇ 10' ಎಂದಿದ್ದು, ವ್ಯಾಪಾರಿಗಳಿಗೆ ಶೇ 40 ರಿಯಾಯಿತಿ ಕೊಟ್ಟರೆ, ಪ್ರಕಾಶಕರಿಗೆ ಬರುವುದು 60, ನಿಮಗೆ ಬರುವುದು 6. ಹಾಗೆಯೇ ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಮಾರಿತು, ಎಷ್ಟು ಉಳಿಯಿತು ಎಂಬ ಲೆಕ್ಕ ವರ್ಷಕ್ಕೊಮ್ಮೆಯಾದರೂ ಲಿಖಿತವಾಗಿ ಬರಬೇಕೆಂದು ಬರೆಸಿ. ಲೆಕ್ಕ ಕೊಡುವ ದಿನಾಂಕ ಇಲ್ಲದ ಒಪ್ಪಂದದಲ್ಲಿ ರಾಯಧನದ ಅಂಕಿಗೆ ಬೆಲೆಯೇ ಇರುವುದಿಲ್ಲ.

ಹಕ್ಕು ಮರಳುವ ಷರತ್ತು ಇನ್ನೊಂದು. 'ಪ್ರತಿಗಳು ಮುಗಿದು, ಲೇಖಕರು ಲಿಖಿತವಾಗಿ ಕೋರಿದ ಆರು ತಿಂಗಳೊಳಗೆ ಮರುಮುದ್ರಣ ಆಗದಿದ್ದರೆ ಹಕ್ಕು ಲೇಖಕರಿಗೆ ಮರಳುತ್ತದೆ' ಎಂಬುದು ಹಳೆಯ ಪದ್ಧತಿ. ಈಗ ಅದೊಂದೇ ಸಾಲದು. ಇ-ಪುಸ್ತಕವೋ, ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಮುದ್ರಿಸುವ ವ್ಯವಸ್ಥೆಯೋ ಇದ್ದರೆ ಪುಸ್ತಕ 'ಮುಗಿಯುವುದೇ' ಇಲ್ಲ, ಹಕ್ಕು ಮರಳುವುದೂ ಇಲ್ಲ. ಆದ್ದರಿಂದ ವರ್ಷದ ಮಾರಾಟ ಇಂತಿಷ್ಟು ಪ್ರತಿಗಿಂತ ಕಡಿಮೆಯಾದರೆ ಹಕ್ಕು ಮರಳಬೇಕು ಎಂದು ಅಂಕಿ ಹಾಕಿಸಿ. ಕೃತಕ ಬುದ್ಧಿಮತ್ತೆಯ ತರಬೇತಿಗೆ ಕೃತಿಯನ್ನು ಬಳಸಲು ಅನುಮತಿ ಇದೆಯೋ ಇಲ್ಲವೋ ಎಂಬ ಒಂದು ಸಾಲನ್ನೂ ಸೇರಿಸಿ. ಅಮೆರಿಕದ ಲೇಖಕರ ಸಂಘ ಆಥರ್ಸ್ ಗಿಲ್ಡ್ 2023ರಲ್ಲೇ ಇದಕ್ಕೊಂದು ಮಾದರಿ ಷರತ್ತು ಪ್ರಕಟಿಸಿತು. ವಿಷಯ ಒಪ್ಪಂದದಲ್ಲಿ ಇರದಿದ್ದರೆ ಮುಂದೆ ವಾದಕ್ಕೆ ಜಾಗವಾಗುತ್ತದೆ.

ಇನ್ನು ಹನ್ನೊಂದು ಕಥೆಗಳು. ಬರೆಯುವವರೂ ನೀವೇ, ಬರೆದದ್ದನ್ನು ನೋಡಿಕೊಳ್ಳುವ ಗುಮಾಸ್ತರೂ ನೀವೇ. ಮೊದಲನೆಯವರು ನಾಲ್ಕು ವರ್ಷ ದುಡಿದಿದ್ದಾರೆ; ಎರಡನೆಯ ಹುದ್ದೆ ಖಾಲಿಯಿದೆ. ಕಥೆಗಳು ಮನೆಯಲ್ಲಿ ಉಳಿದಿರುವುದಕ್ಕೆ ಅವುಗಳ ಗುಣಮಟ್ಟ ಕಾರಣವೋ ಅಲ್ಲವೋ ನಿಮಗೂ ತಿಳಿಯದು, ಏಕೆಂದರೆ ಅವು ಸಾಕಷ್ಟು ಓದುಗರ ಎದುರಿಗೆ ಹೋಗಿಯೇ ಇಲ್ಲ.

ಒಂದು ರಜೆಯ ದಿನ ಹನ್ನೊಂದನ್ನೂ ಒಟ್ಟಿಗೆ ಓದಿ ಮೂರು ಗುಂಪು ಮಾಡಿ: ಇಂದೇ ಕಳಿಸಬಹುದಾದವು, ತಿದ್ದಿದರೆ ನಿಲ್ಲುವವು, ಸದ್ಯಕ್ಕೆ ಬೇಡವಾದವು. ಮೊದಲ ಗುಂಪಿನಲ್ಲಿ ನಾಲ್ಕಿದ್ದರೂ ಕೆಲಸ ಶುರುವಾಗುತ್ತದೆ. ನಂತರ ಒಂದು ರವಾನೆ ಪುಸ್ತಕ ತೆರೆಯಿರಿ. ಸ್ಪ್ರೆಡ್‌ಶೀಟ್ ಆದರೆ ಹುಡುಕಲು ಸುಲಭ. ಕಥೆಗೊಂದು ಸಾಲು ಎಂದು ಮಾಡಬೇಡಿ, ಪ್ರತಿ ರವಾನೆಗೂ ಒಂದು ಸಾಲು ಇರಲಿ. ಕಥೆಯ ಹೆಸರು, ಪದಗಳ ಸಂಖ್ಯೆ, ಕಳಿಸಿದ ಕಡತದ ಹೆಸರು, ಎಲ್ಲಿಗೆ, ಕಳಿಸಿದ ದಿನ, ಅವರು ಹೇಳಿರುವ ಅವಧಿ, ನೆನಪೋಲೆ ಕಳಿಸಬೇಕಾದ ದಿನ, ಉತ್ತರ, ಕೊಟ್ಟ ಹಕ್ಕು, ಸಂಭಾವನೆ ಬಂದ ದಿನ. ಕಡತದ ಹೆಸರು ಏಕೆಂದರೆ, ಸ್ವೀಕೃತವಾದ ಮೇಲೆ 'ಯಾವ ಪ್ರತಿ ಕಳಿಸಿದ್ದೆ' ಎಂಬ ಗೊಂದಲ ಬಹಳ ಜನರಿಗೆ ಬರುತ್ತದೆ. ಕೊಟ್ಟ ಹಕ್ಕಿನ ಅಂಕಣ ಇಲ್ಲದಿದ್ದರೆ ಮೂರು ವರ್ಷದ ನಂತರ ಸಂಕಲನ ತರುವಾಗ ಯಾರ ಅನುಮತಿ ಬೇಕೆಂದು ಹುಡುಕಾಡಬೇಕಾಗುತ್ತದೆ.

ಪ್ರತಿ ಕಥೆಗೂ ಕಳಿಸುವ ಮೊದಲೇ ಮೂರು ವಿಳಾಸಗಳನ್ನು ಕ್ರಮವಾಗಿ ಬರೆದಿಡಿ. ಒಂದು ಕಡೆಯಿಂದ ವಾಪಸು ಬಂದರೆ ಎರಡು ದಿನದೊಳಗೆ ಮುಂದಿನ ವಿಳಾಸಕ್ಕೆ ಹೋಗಲಿ. ತಿರಸ್ಕಾರದ ಪತ್ರ ಓದಿದ ಸಂಜೆ ಹೊಸ ವಿಳಾಸ ಹುಡುಕುವ ಮನಸ್ಸು ಯಾರಿಗೂ ಇರುವುದಿಲ್ಲ, ಹಾಗಾಗಿಯೇ ಪಟ್ಟಿ ಮೊದಲೇ ಸಿದ್ಧವಿರಬೇಕು. ವಾಪಸು ಬಂದಾಗಲೆಲ್ಲ ತಿದ್ದಲು ಕೂರಬೇಡಿ. ಐದು ಕಡೆಯಿಂದ ಟಿಪ್ಪಣಿಯೇ ಇಲ್ಲದೆ ಬಂದರೆ ಆಗ ಮೊದಲ ಒಂದೂವರೆ ಪುಟವನ್ನು ತಣ್ಣಗೆ ಓದಿ. ಆಯ್ಕೆ ಮಾಡುವವರು ನಿಂತುಬಿಡುವುದು ಬಹುತೇಕ ಅಲ್ಲೇ. 'ಇದು ಹೊಂದಲಿಲ್ಲ, ಬೇರೆಯದನ್ನು ಕಳಿಸಿ' ಎಂದು ಸಂಪಾದಕರು ಬರೆದರೆ ಅದನ್ನು ಸೌಜನ್ಯದ ಮಾತೆಂದು ತಳ್ಳಿಹಾಕಬೇಡಿ, ಅದು ಆಹ್ವಾನ. ಒಂದೆರಡು ತಿಂಗಳೊಳಗೆ ನಿಮ್ಮ ಒಳ್ಳೆಯ ಕಥೆಯೊಂದನ್ನು, ಅವರ ಮಾತನ್ನು ನೆನಪಿಸಿ, ಕಳಿಸಿ.

ಉತ್ತರವೇ ಬಾರದಿದ್ದರೆ ಅವರು ಹೇಳಿದ ಅವಧಿ ಮುಗಿಯುವ ತನಕ ಕಾಯಿರಿ. ಅವಧಿ ಹೇಳದಿದ್ದಲ್ಲಿ ಮೂರು ತಿಂಗಳು. ಆಮೇಲೆ ಕಥೆಯ ಹೆಸರು, ಕಳಿಸಿದ ದಿನಾಂಕ ನಮೂದಿಸಿ ಎರಡು ಸಾಲಿನ ವಿಚಾರಣೆ. ಇನ್ನೊಂದು ತಿಂಗಳು ಮೌನವಾದರೆ 'ಕಥೆಯನ್ನು ಹಿಂಪಡೆಯುತ್ತಿದ್ದೇನೆ' ಎಂದು ತಿಳಿಸಿ ಬೇರೆಡೆ ಕಳಿಸಿ. ಆ ಪತ್ರ ಬರೆಯದೆಯೇ ಬೇರೆಡೆ ಕಳಿಸಿದರೆ ಎರಡು ಕಡೆ ಒಂದೇ ತಿಂಗಳು ಅಚ್ಚಾಗುವ ಅಪಾಯವಿದೆ, ಆ ಮುಜುಗರವನ್ನು ಇಬ್ಬರು ಸಂಪಾದಕರೂ ಮರೆಯುವುದಿಲ್ಲ. ಏಕಕಾಲಕ್ಕೆ ಹಲವೆಡೆ ಕಳಿಸಲು ಅನುಮತಿ ಇರುವ ಕಡೆ ಹಾಗೆ ಮಾಡಿ. ಒಂದೆಡೆ ಸ್ವೀಕೃತವಾದ ದಿನವೇ ಉಳಿದವರಿಗೆ ತಿಳಿಸಿ.

ಹಸ್ತಪ್ರತಿಯ ತಯಾರಿ ಸಣ್ಣ ಕೆಲಸವೆನಿಸಿದರೂ ಕಥೆ ಓದುವ ಮೊದಲೇ ಪಕ್ಕಕ್ಕೆ ಹೋಗುವುದು ಇಲ್ಲಿಯೇ. ಕಡ್ಡಾಯವಾಗಿ ಯೂನಿಕೋಡ್‌ನಲ್ಲಿ ಟೈಪಿಸಿ. ಹಳೆಯ ಅಕ್ಷರಶೈಲಿಗಳಲ್ಲಿ ಟೈಪಿಸಿದ್ದು, ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಹಳೆಯ ಕಥೆಗಳನ್ನು ಪರಿವರ್ತಿಸಿದ್ದರೆ ಅರ್ಕಾವೊತ್ತು, ಒತ್ತಕ್ಷರ, ಅಂಕಿ, ಉದ್ಧರಣ ಚಿಹ್ನೆಗಳನ್ನು ಒಂದೊಂದಾಗಿ ಪರೀಕ್ಷಿಸಿ. ಪರಿವರ್ತಕಗಳು ಎಡವುವುದು ಅಲ್ಲೇ. 12 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಒಂದೂವರೆ ಅಥವಾ ಎರಡರ ಅಂತರ, ಸುತ್ತ ಒಂದು ಇಂಚು ಅಂಚು, ಪುಟಸಂಖ್ಯೆ, ಅಷ್ಟು ಸಾಕು. ತಿದ್ದಬಹುದಾದ ಕಡತದ ಜೊತೆಗೆ ಪಿಡಿಎಫ್ ಕೂಡ ಲಗತ್ತಿಸಿದರೆ ನೀವು ಕಂಡ ಹಾಗೆಯೇ ಅವರಿಗೂ ಕಾಣುತ್ತದೆ. ಅವರು ಒಂದೇ ಬಗೆ ಕೇಳಿದ್ದರೆ ಅದನ್ನಷ್ಟೇ ಕಳಿಸಿ.

ಸ್ಪರ್ಧೆಗಳಿಗೆ ಹೆಸರಿಲ್ಲದ ಪ್ರತಿ ಕೇಳಿದಾಗ ಮೊದಲ ಪುಟದ ಹೆಸರು ತೆಗೆದು ಸುಮ್ಮನಾಗಬೇಡಿ. ಕಡತದ ಹೆಸರಿನಲ್ಲಿ, ಪುಟದ ಮೇಲಂಚಿನಲ್ಲಿ, ಕಡತದ ಗುಣವಿವರಗಳಲ್ಲಿ (ಪ್ರಾಪರ್ಟೀಸ್) 'ಲೇಖಕ' ಎಂಬ ಜಾಗದಲ್ಲೂ ನಿಮ್ಮ ಹೆಸರು ಅಡಗಿ ಕೂತಿರುತ್ತದೆ. ಜೊತೆಯ ಪತ್ರ ಆರು ಸಾಲು ಮೀರದಿರಲಿ: ಕಥೆಯ ಹೆಸರು, ಪದಗಳ ಸಂಖ್ಯೆ, ಸ್ವತಂತ್ರ ಮತ್ತು ಅಪ್ರಕಟಿತ ಎಂಬ ದೃಢೀಕರಣ, ಬೇರೆಡೆ ಪರಿಶೀಲನೆಯಲ್ಲಿದೆಯೇ ಇಲ್ಲವೇ, ಹಿಂದಿನ ಪ್ರಕಟಣೆಗಳು, ವಿಳಾಸ. ಕಥೆ ಏನು ಹೇಳುತ್ತದೆಂದು ವಿವರಿಸಬೇಡಿ. 'ಅಪ್ರಕಟಿತ' ಎನ್ನುವಾಗ ಒಂದು ಎಚ್ಚರಿಕೆ: ಸಾಮಾಜಿಕ ಜಾಲತಾಣದಲ್ಲಿ ಪೂರ್ತಿ ಕಥೆ ಹಾಕಿದ್ದರೆ ಬಹಳಷ್ಟು ಪತ್ರಿಕೆ, ಸ್ಪರ್ಧೆಗಳು ಅದನ್ನು ಪ್ರಕಟಿತ ಎಂದೇ ಎಣಿಸುತ್ತವೆ. ಸ್ಪರ್ಧೆಯ ನಿಯಮಗಳಲ್ಲಿ ಹಕ್ಕಿನ ಸಾಲನ್ನು ತಪ್ಪದೆ ಓದಿ. ಗೆದ್ದ ಕಥೆಗಳ ಹಕ್ಕು ಕೇಳುವುದು ಒಂದು, ಬಂದ ಎಲ್ಲ ಕಥೆಗಳ ಹಕ್ಕನ್ನೂ ತಮ್ಮದೆನ್ನುವುದು ಇನ್ನೊಂದು. ಎರಡನೆಯದಾದರೆ ಬಹುಮಾನ ಎಷ್ಟೇ ದೊಡ್ಡದಿರಲಿ, ಕಳಿಸಬೇಡಿ.

ವಿಳಾಸ ಹುಡುಕುವುದಕ್ಕೆ ಪತ್ರಿಕೆಯ ಕೊನೆಯ ಮೂರು ಸಂಚಿಕೆ ಓದುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಇಂಗ್ಲಿಷ್ ಪತ್ರಿಕೆಗಳಿಗೆ 'ಪೊಯೆಟ್ಸ್ ಅಂಡ್ ರೈಟರ್ಸ್' ಮತ್ತು 'ಸಬ್ಮಿಷನ್ ಗ್ರೈಂಡರ್' ತಾಣಗಳಲ್ಲಿ ಉಚಿತ ಪಟ್ಟಿಗಳಿವೆ; 'ಡುಯೊಟ್ರೋಪ್' ಚಂದಾ ಕಟ್ಟಿ ಬಳಸುವಂಥದ್ದು. ಲೇಖಕರನ್ನು ವಂಚಿಸುವ ಸಂಸ್ಥೆಗಳ ಬಗ್ಗೆ 'ರೈಟರ್ ಬಿವೇರ್' ಎಂಬ ತಾಣ 1998ರಿಂದ ಎಚ್ಚರಿಸುತ್ತ ಬಂದಿದೆ. ಕನ್ನಡದ ಕಥೆಗಾರರಿಗೆ ಇವು ಉಪಯೋಗಕ್ಕೆ ಬರುವುದು ಅನುವಾದ ಕೈಗೆ ಬಂದ ಮೇಲೆ. 'ವರ್ಡ್ಸ್ ವಿದೌಟ್ ಬಾರ್ಡರ್ಸ್', 'ಅಸಿಂಪ್ಟೋಟ್' ಅನುವಾದಿತ ಸಾಹಿತ್ಯಕ್ಕೇ ಮೀಸಲಾದ ಆನ್‌ಲೈನ್ ಪತ್ರಿಕೆಗಳು. ಪದಮಿತಿ ನೋಡುವಾಗ ನೆನಪಿಡಿ: ವಿಭಕ್ತಿ, ಕ್ರಿಯಾರೂಪ ಎಲ್ಲವನ್ನೂ ಒಂದೇ ಪದದಲ್ಲಿ ಬೆಸೆಯುವ ಕನ್ನಡದ ಕಥೆ ಇಂಗ್ಲಿಷಿಗೆ ಹೋದಾಗ ಪದಗಳ ಸಂಖ್ಯೆ ಸಾಕಷ್ಟು ಏರುತ್ತದೆ. ಮೂಲದ ಲೆಕ್ಕ ಹಿಡಿದು ಕಥೆ ಆರಿಸಿದರೆ ಕೊನೆಯಲ್ಲಿ ಕತ್ತರಿಸಬೇಕಾಗುತ್ತದೆ. ಅನುವಾದಕರಿಗೆ ಕೊಡುವ ಅನುಮತಿ ಲಿಖಿತವಾಗಿರಲಿ, ಯಾವ ಕಥೆ, ಯಾವ ಭಾಷೆ, ಎಷ್ಟು ಅವಧಿ ಎಂಬುದು ಅದರಲ್ಲಿರಲಿ. ಒಂದು ವರ್ಷ ಸಾಕು. ಅನುಮತಿ ಕೊಡುವ ಹಕ್ಕು ನಿಮ್ಮದಾದರೂ, ಅವರು ಮಾಡಿದ ಅನುವಾದದ ಪಠ್ಯದ ಹಕ್ಕುಸ್ವಾಮ್ಯ ಅನುವಾದಕರದ್ದೇ ಎಂಬುದನ್ನೂ ಗೌರವಿಸಿ. ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ 2016ರಿಂದ ಇಂಗ್ಲಿಷಿಗೆ ಅನುವಾದವಾದ ಒಂದೊಂದು ಪುಸ್ತಕಕ್ಕೆ ಸಲ್ಲುತ್ತಿದ್ದು, ಬಹುಮಾನದ ಹಣ ಲೇಖಕರಿಗೂ ಅನುವಾದಕರಿಗೂ ಸಮಪಾಲು.

ಲೇಖಕರಿಗೆ ಕೆಲ ವಾರ ಇರಲು ಜಾಗ, ಏಕಾಂತ ಕೊಡುವ ರೆಸಿಡೆನ್ಸಿಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಅಮೆರಿಕದಲ್ಲಿ 1907ರಲ್ಲಿ ಶುರುವಾದ ಮ್ಯಾಕ್‌ಡೊವೆಲ್, 1967ರಿಂದ ನಡೆದಿರುವ ಅಲ್ಲಿನದೇ ಅಯೋವಾ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಬರವಣಿಗೆ ಕಾರ್ಯಕ್ರಮ ಹೆಸರಾದವು. ಚಿಕ್ಕವು ಹಲವು ದೇಶಗಳಲ್ಲಿವೆ. ಅರ್ಜಿಯಲ್ಲಿ ಸಾಮಾನ್ಯವಾಗಿ ಬರಹದ ಮಾದರಿ, ಯೋಜನೆಯ ವಿವರ, ಪರಿಚಯ ಕೇಳುತ್ತಾರೆ. ಯೋಜನೆಯ ವಿವರದಲ್ಲಿ 'ಮಾನವ ಸಂಬಂಧಗಳ ಶೋಧ' ಎಂಬಂಥ ಮಾತು ಏನನ್ನೂ ತಿಳಿಸುವುದಿಲ್ಲ. ಎಷ್ಟು ಕಥೆ ಬರೆದಾಗಿದೆ, ಎಷ್ಟು ಉಳಿದಿವೆ, ಅಲ್ಲಿರುವ ವಾರಗಳಲ್ಲಿ ಯಾವುದನ್ನು ಮುಗಿಸುತ್ತೀರಿ ಎಂದು ಬರೆಯಿರಿ. ಪ್ರಯಾಣದ ಖರ್ಚು ಯಾರದ್ದು ಎಂದು ಅರ್ಜಿ ಹಾಕುವ ಮೊದಲೇ ನೋಡಿಕೊಳ್ಳಿ.

ದಿನಕ್ಕೆ ಎಷ್ಟು ಹೊತ್ತು? ನೌಕರಿ ಇದ್ದವರಿಗೆ ವಾರದಲ್ಲಿ ನಾಲ್ಕು ದಿನ 45 ನಿಮಿಷ, ರಜೆಯ ದಿನ ಎರಡು ಗಂಟೆ ಸಿಕ್ಕರೆ ಅದು ಧಾರಾಳ. ವಾರಕ್ಕೆ ಐದು ಗಂಟೆಯಾಯಿತು. ಬ್ರಿಟಿಷ್ ಅಂಚೆ ಇಲಾಖೆಯ ಅಧಿಕಾರಿಯಾಗಿದ್ದ ಕಾದಂಬರಿಕಾರ ಆಂಟನಿ ಟ್ರಾಲಪ್ ಬೆಳಿಗ್ಗೆ ಐದೂವರೆಗೆ ಕೂತು ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದರೆಂದು ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಆ ವೇಗ ನಿಮಗೆ ಬೇಕಿಲ್ಲ. ಅವರ ಪದ್ಧತಿಯಲ್ಲಿ ಎತ್ತಿಕೊಳ್ಳಬೇಕಾದ್ದು ಬೇರೆಯೇ ಇದೆ: ಮೊದಲ ಅರ್ಧ ಗಂಟೆ ಹಿಂದಿನ ದಿನದ ಬರಹವನ್ನು ಓದಲು ಮೀಸಲು. ಕಥೆಯ ದನಿ ಕಿವಿಗೆ ಮರಳಿ ಬರಲು ಆ ಓದು ಬೇಕು. 45 ನಿಮಿಷದಲ್ಲಿ ಹತ್ತು ನಿಮಿಷ ಅದಕ್ಕಿಡಿ, ಏಳುವ ಮೊದಲು ಮುಂದೆ ಏನು ಬರುತ್ತದೆಂದು ಎರಡು ಸಾಲು ಗುರುತು ಹಾಕಿಡಿ. ಖಾಲಿ ಪುಟದೆದುರು ಕೂತು ಕಾಲು ಗಂಟೆ ಕಳೆಯುವುದು ತಪ್ಪುತ್ತದೆ.

ಗುಮಾಸ್ತಿಕೆಯ ಕೆಲಸವನ್ನು ಈ ಹೊತ್ತಿಗೆ ತರಲೇಬೇಡಿ. ರವಾನೆ, ಮಿಂಚಂಚೆ, ನೆನಪೋಲೆ, ಲೆಕ್ಕ, ಇವಕ್ಕೆಲ್ಲ ವಾರದಲ್ಲಿ ಒಂದು ಸಂಜೆ, ದಣಿದ ತಲೆಯಿದ್ದರೂ ನಡೆಯುತ್ತದೆ. ಬರೆಯಲು ಕೂತಾಗ ಮೊದಲು ಮಿಂಚಂಚೆ ತೆರೆದರೆ, ಅಲ್ಲೊಂದು ತಿರಸ್ಕಾರವೋ ಸ್ವೀಕಾರವೋ ಇದ್ದು, ಆ ದಿನದ ಪುಟ ಹೋಯಿತು.

ತಿದ್ದುವುದಕ್ಕೆ ಪದಗಳ ಗುರಿ ಹೊಂದುವುದಿಲ್ಲ, ಅಲ್ಲಿ ಗಂಟೆಯ ಲೆಕ್ಕ ಇಟ್ಟುಕೊಳ್ಳಿ. ಮುಗಿದ ಕಥೆಯನ್ನು ಎರಡು ವಾರವಾದರೂ ಮುಟ್ಟಬೇಡಿ. ನಂತರ ಅಕ್ಷರಶೈಲಿ ಬದಲಿಸಿ ಅಥವಾ ಮುದ್ರಿಸಿ, ಗಟ್ಟಿಯಾಗಿ ಓದಿ. ಮೊದಲ ಸುತ್ತಿನಲ್ಲಿ ಕಥೆಯ ಮೈಕಟ್ಟು ಮಾತ್ರ: ಎಲ್ಲಿ ಶುರುವಾಗಬೇಕು, ಯಾವ ಪ್ರಸಂಗ ಬೇಡ, ಮಾಹಿತಿ ತಡವಾಗಿ ಬಂತೇ. ಎರಡನೆಯದರಲ್ಲಿ ಪ್ರಸಂಗಗಳು ಮತ್ತು ಮಾತುಕತೆ. ವಾಕ್ಯ, ಪದ, ಕಾಗುಣಿತ ಕೊನೆಗೆ. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಮೊದಲು ವಾಕ್ಯಗಳನ್ನು ನುಣುಪು ಮಾಡಿದರೆ ಆಮೇಲೆ ಆ ಚೆಂದದ ಪ್ಯಾರಾವನ್ನು ಕಿತ್ತೆಸೆಯಲು ಕೈ ಬರುವುದಿಲ್ಲ. ಬೇಡದ ಪ್ರಸಂಗ ಕಥೆಯಲ್ಲೇ ಉಳಿದುಬಿಡುತ್ತದೆ. ಓದಲು ಮೂರು ನಾಲ್ಕು ಜನರಿಗೆ ಕೊಡಿ, ಆದರೆ 'ಹೇಗಿದೆ' ಎಂದು ಕೇಳಬೇಡಿ. ಎಲ್ಲಿ ಓದು ನಿಂತಿತು, ಯಾರು ಯಾರೆಂದು ಎಲ್ಲಿ ಗೊಂದಲವಾಯಿತು, ಕೊನೆಯನ್ನು ಯಾವ ಪುಟದಲ್ಲೇ ಊಹಿಸಿದಿರಿ ಎಂದು ಕೇಳಿ.

ಕಡತಗಳಿಗೆ 'ಅಂತಿಮ', 'ಅಂತಿಮ ಹೊಸದು' ಎಂದು ಹೆಸರಿಡದೆ ವರ್ಷ-ತಿಂಗಳು-ದಿನ ಹಾಕಿ. ಕಳೆದುಹೋಗದಂತೆ ಪ್ರತಿ ಕಡತಕ್ಕೂ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ಅಂತರ್ಜಾಲದ ಸಂಗ್ರಹವಾದರೂ (ಕ್ಲೌಡ್) ಸರಿ.

ಕೊನೆಯದು ನೌಕರಿ. ಈಗ ಬಿಡಬೇಡಿ. ಟ್ರಾಲಪ್ ಅವರೂ ಅಂಚೆ ಇಲಾಖೆ ಸೇರಿದ್ದು 1834ರಲ್ಲಿ, ಬಿಟ್ಟದ್ದು 1867ರಲ್ಲಿ. ಅದೂ ತಪ್ಪಿಹೋಗುವ ಪಿಂಚಣಿಗೆ ಸಮನಾದ ಆದಾಯ ಬರುವಷ್ಟು ಉಳಿತಾಯ ಮಾಡಿಕೊಂಡ ಮೇಲೆ. ಸಣ್ಣಕಥೆಯ ಸಂಭಾವನೆಯಿಂದಲೇ ಮನೆ ನಡೆಸುವುದು ಯಾವ ಭಾಷೆಯಲ್ಲೂ ಅಪರೂಪ. ಬರವಣಿಗೆಯಿಂದ ಬದುಕುವವರಲ್ಲಿ ಬಹುಪಾಲು ಜನರನ್ನು ಸಾಕುವುದು ಪಕ್ಕದ ಕೆಲಸಗಳು: ಅನುವಾದ, ಸಂಪಾದನೆ, ಕರಡು ತಿದ್ದುವುದು, ಚಿತ್ರಕಥೆ, ಜಾಹೀರಾತು ಬರಹ, ಕಾರ್ಯಾಗಾರ. ಇವುಗಳ ಕಷ್ಟ ಏನೆಂದರೆ ಕಥೆ ಬೇಡುವ ಶಕ್ತಿಯನ್ನೇ ಇವೂ ಬೇಡುತ್ತವೆ. ದಿನವಿಡೀ ಇನ್ನೊಬ್ಬರ ವಾಕ್ಯ ತಿದ್ದಿದವರಿಗೆ ಸಂಜೆ ತಮ್ಮ ವಾಕ್ಯ ಕಾಣುವುದಿಲ್ಲ. ಕೆಲವರಿಗೆ ಭಾಷೆಗೆ ಸಂಬಂಧವೇ ಇಲ್ಲದ ನೌಕರಿ ಹೆಚ್ಚು ಹೊಂದುವುದು ಇದರಿಂದಲೇ.

ಆದರೂ ಆಸೆಯಿದ್ದರೆ ನೌಕರಿಯಲ್ಲಿದ್ದುಕೊಂಡೇ ಎರಡು ವರ್ಷ ಬರವಣಿಗೆಯ ಆದಾಯವನ್ನು ತಿಂಗಳುವಾರು ಬರೆದಿಡಿ. ಹನ್ನೆರಡು ತಿಂಗಳ ಮನೆಖರ್ಚು ಉಳಿತಾಯದಲ್ಲಿರಬೇಕು, ದುಡ್ಡು ಕೊಡುವವರು ಕನಿಷ್ಠ ಇಬ್ಬರು ಮೂವರಿರಬೇಕು, ಯಾರೊಬ್ಬರೂ ಒಟ್ಟು ಆದಾಯದ ಅರ್ಧಕ್ಕಿಂತ ಹೆಚ್ಚು ಕೊಡುವವರಾಗಿರಬಾರದು. ಒಬ್ಬರನ್ನೇ ನೆಚ್ಚಿದರೆ ಅವರು ಕೈಬಿಟ್ಟ ತಿಂಗಳೇ ಸಂಕಷ್ಟ. ಬಿಡುವ ಮೊದಲು ಕೆಲಸದ ಗಂಟೆ ಕಡಿಮೆ ಮಾಡಿಕೊಳ್ಳಲು ಸಾಧ್ಯವೇ ಎಂದು ಕೇಳಿ ನೋಡಿ. ವಾರಕ್ಕೊಂದು ದಿನ ಸಿಕ್ಕರೂ ಬರೆಯುವ ಹೊತ್ತು ದುಪ್ಪಟ್ಟಾಗುತ್ತದೆ. ಹೊರಗಿನ ಕೆಲಸ ಒಪ್ಪಿಕೊಳ್ಳುವಾಗ ಪದಗಳ ಸಂಖ್ಯೆ, ಗಡುವು, ಎಷ್ಟು ಸುತ್ತಿನ ತಿದ್ದುಪಡಿ (ಎರಡು ಸಾಕು), ಮುಂಗಡ ಎಷ್ಟು, ಅವರೇ ಕೆಲಸ ಕೈಬಿಟ್ಟರೆ ಎಷ್ಟು ಕೊಡುತ್ತಾರೆ, ಬಿಲ್ಲು ಕೊಟ್ಟ 30 ದಿನದಲ್ಲಿ ಹಣ ಬರುತ್ತದೆಯೇ, ಇಷ್ಟನ್ನು ಮಿಂಚಂಚೆಯಲ್ಲಿ ಬರೆದು ಅವರ ಒಪ್ಪಿಗೆಯನ್ನೂ ಅಲ್ಲೇ ಪಡೆಯಿರಿ. ಬಂದ ಪ್ರತಿ ಮೊತ್ತದಲ್ಲಿ ತೆರಿಗೆಯ ಪಾಲನ್ನು ಬಂದ ದಿನವೇ ಬೇರೆ ಖಾತೆಗೆ ಹಾಕಿ.